ಕೆರೆ ಏರಿಯ ಶಾಸನ

"ಪುಸ್ತಕ ಮನಿಗೆ ಕೊಡೂದಿಲ್ರಿ. ಇಲ್ಲೇ ಕುಂತು ಓದಬೇಕು."

ನಾನು ಅವರೊಂದಿಗೆ ಆಡಿದ ಮೊದಲ ಮಾತು ಇದು. ಬಳ್ಳಾರಿ ಕೋಟೆಯ ಬುಡದಲ್ಲಿದ್ದ ನಮ್ಮ ಇತಿಹಾಸ ಸಂಶೋಧನಾ ಲೈಬ್ರರಿಗೆ ಎಪ್ಪತ್ತೆಂಟರಲ್ಲಿ ಬರುವವರೇ ಕಡಿಮೆ. ಬಂದವರೂ ಯಾರದಾದರೂ ಶಿಫಾರಸು ಹಿಡಿದುಕೊಂಡೇ ಬರುತ್ತಿದ್ದರು. ಬಾದನಹಟ್ಟಿಯ ಈ ಕೊಟ್ರಬಸಪ್ಪ, ಕಾಲೇಜಿನ ಲೆಕ್ಚರರ್, ಬರೀ ಒಂದು ನಗು ತಂದಿದ್ದರು.

"ಆತ್ರಿ, ಇಲ್ಲೇ ಕುಂದರ್ತೀನಿ. ಎಷ್ಟೊತ್ತಿನ ಮಟ ಕುಂದರಬಹುದು?"

"ಐದಕ್ಕ ಬಾಗ್ಲ ಹಾಕ್ತೀನಿ."

"ನಾ ಒಳಗಿದ್ರೂ?"

ನಾನು ನಗಲಿಲ್ಲ. ಸಿರುಗುಪ್ಪದ ಈ ಶಿವಬಸಮ್ಮನಿಗೆ ಸೊಕ್ಕು ಜಾಸ್ತಿ ಅಂತ ನನ್ನ ಅಪ್ಪ-ಅವ್ವನೇ ಹೇಳುತ್ತಿದ್ದರು. ಹೇಳಲಿ. ಕಲ್ಲಿಗೆ ಒದ್ದೆ ಕಾಗದ ಹಚ್ಚಿ, ಬ್ರಷ್ಷಿನಿಂದ ಬಡಿದು, ಮಸಿ ಒತ್ತಿ ಶಾಸನದ ಅಚ್ಚು ತೆಗೆಯಲು ಕಲಿತ ಹೆಂಗಸು ನನಗೆ ತಿಳಿದಂತೆ ನಮ್ಮ ಕಡೆ ನಾನೊಬ್ಬಳೇ. ಸೊಕ್ಕಿಗೆ ಅಷ್ಟು ಸಾಲದೆ?

ಅವರು ಕುರುಗೋಡು ಸೀಮೆಯ ಶಾಸನಗಳ ಬಗ್ಗೆ ಪುಸ್ತಕ ಬರೆಯುತ್ತಿದ್ದರು. ನಾನು ಕಪಾಟಿನಿಂದ ಅಚ್ಚು ತಂದು ಮೇಜಿನ ಮೇಲೆ ಹಾಸುವುದು, ಅವರು ಅಕ್ಷರ ಬಿಟ್ಟು ನನ್ನ ಬೆರಳಿಗಂಟಿದ ಮಸಿ ನೋಡುವುದು, ನಾನು ಕೆಮ್ಮುವುದು, ಅವರು ಗಡಿಬಿಡಿಯಿಂದ ಅಕ್ಷರಕ್ಕೆ ಮರಳುವುದು. ಹೀಗೇ ಒಂದು ಬೇಸಿಗೆ ಕಳೆಯಿತು. ಬರಬರುತ್ತಾ ನಾನು ಕೆಮ್ಮುವುದು ತಡವಾಗತೊಡಗಿತ್ತು. ಅದನ್ನು ಯಾರಿಗೂ ಹೇಳಲಿಲ್ಲ.

ಒಂದು ಕಲ್ಲು ಮಾತ್ರ ಉಳಿದಿತ್ತು. ಕುರುಗೋಡಿನ ಬೆಟ್ಟದ ಆಚೆ, ಕೆರೆ ಏರಿಯ ಮೇಲೆ. ಅದನ್ನು ಅದುವರೆಗೆ ಯಾರೂ ಓದಿರಲಿಲ್ಲ. ಮೊದಲು ಓದಿದವನು ತಾನಾಗಬೇಕೆಂಬುದು ಅವರ ದೊಡ್ಡ ಆಸೆ. ಪುಸ್ತಕದ ಮೊದಲ ಪುಟವನ್ನೇ ಅದಕ್ಕೆ ಮೀಸಲಿಟ್ಟಿದ್ದರು.

"ಅಚ್ಚು ತೆಗಿಯಾಕ ನೀವ ಬರಬೇಕ್ರಿ," ಅಂದರು.

ಬೆಳಗಿನ ಮೊದಲ ಬಸ್ಸಿಗೆ ಹೊರಟೆವು. ಕುರುಗೋಡಿನಲ್ಲಿ ಇಳಿದು ದೊಡ್ಡಬಸವೇಶ್ವರನ ಗುಡಿಗೆ ಹೋಗಿ, ಆ ಭಾರಿ ಬಸವಣ್ಣನ ಮುಂದೆ ಕೈಮುಗಿದೆವು.

"ಹಂಪಿ ನೋಡಾಕ ಎಲ್ಲೆಲ್ಲಿಂದನೋ ಬರ್ತಾರ. ಇಲ್ಲಿ ಒಬ್ರೂ ಇಳಿಯಂಗಿಲ್ಲ. ಇಂಥ ಬಸವಣ್ಣ ಮತ್ತೆಲ್ಲಿ ಅದಾನ ಹೇಳ್ರಿ?" ಬಸವಣ್ಣನನ್ನು ತಾವೇ ಕಡೆದವರಂತೆ ಎದೆ ಉಬ್ಬಿಸಿ ನಿಂತಿದ್ದರು. ನನಗೆ ಆ ಹೆಮ್ಮೆ ತುಂಬಾ ಇಷ್ಟವಾಯಿತು.

ಏರಿಯ ಮೇಲಿನ ಕಲ್ಲು ಎಣ್ಣೆ, ವಿಭೂತಿ ಮೆತ್ತಿಸಿಕೊಂಡು ದೇವರಾಗಿತ್ತು. ಅದಕ್ಕೆ ಪೂಜೆ ಮಾಡುವ ದೊಡ್ಡಬಸಮ್ಮ ಎಂಬ ಮುದುಕಿ ಬಿಂದಿಗೆಯಲ್ಲಿ ನೀರು ತಂದು ನನ್ನ ಕೈಗೆ ಕೊಟ್ಟಳು.

"ಇಬ್ರೂ ಕೂಡಿ ತೊಳೀರವ್ವ. ನಮ್ಮಪ್ಪನ ಮೈ ಮುಟ್ಟೋರು ಗಂಡ-ಹೆಂಡ್ತಿ ಆಗಿರಬೇಕು. ಲಗ್ನ ಆಗಿ ಎಷ್ಟು ದಿನ ಆತು?"

ಅವರು ನನ್ನತ್ತ ನೋಡಿದರು. ಸುಮ್ಮನಿರು ಎಂದು ಬೇಡಿಕೊಳ್ಳುವ ನೋಟ. ಅವರ ಬಾಯಿ ಆಗಲೇ, "ಈಗ ಎರಡು ತಿಂಗ್ಳು..." ಎಂದು ಶುರುಮಾಡಿತ್ತು.

ನಾನು ಬಿಂದಿಗೆ ಕೆಳಗಿಟ್ಟೆ. "ನಾವು ಗಂಡ-ಹೆಂಡ್ತಿ ಅಲ್ಲವ್ವ. ಶಾಸನ ಓದಾಕ ಬಂದೀವಿ."

"ಹಂಗಾದ್ರ ಮುಟ್ಟಬ್ಯಾಡ್ರಿ," ಎಂದು ಮುದುಕಿ ಬಿಂದಿಗೆ ಎತ್ತಿಕೊಂಡಳು.

ಬಳ್ಳಾರಿಯಲ್ಲಿ ಬಸ್ಸಿಳಿದ ಮೇಲೆ ಅವರ ಸಿಟ್ಟು ಹೊರಬಂತು. "ಒಂದು ಸುಳ್ಳು ಹೇಳಿದ್ರ ಏನಾಗತಿತ್ತು?"

"ನಿಮಗ ಕಲ್ಲು ಸಿಗತಿತ್ತು. ಹೆಂಡ್ತಿ ಅನ್ನೂದು ನನ್ನ ಬ್ರಷ್ ಅಲ್ರಿ, ಕೆಲಸಕ್ಕ ತಗದು, ಮುಗದ ಮ್ಯಾಲೆ ಚೀಲಕ್ಕ ಹಾಕಾಕ."

ಅವರು ತಲೆ ತಗ್ಗಿಸಿ ಹೊರಟುಹೋದರು. ಮರುದಿನದಿಂದ ಲೈಬ್ರರಿಗೆ ಬರಲಿಲ್ಲ. ನನಗೆ ಅಳು ಬಂತು, ಅತ್ತುಬಿಟ್ಟೆ. ಆದರೆ ಆಡಿದ ಮಾತು ತಪ್ಪೆಂದು ಒಮ್ಮೆಯೂ ಅನ್ನಿಸಲಿಲ್ಲ. ಇನ್ನೊಂದು ಭಯವೂ ಇತ್ತು. ನಾಳೆ ಅವರು ಬಂದು ಲಗ್ನದ ಮಾತೆತ್ತಿದರೂ, ಬೇಕಾದದ್ದು ನಾನೋ ಆ ಕಲ್ಲೋ ಎಂದು ತಿಳಿಯುವುದಾದರೂ ಹೇಗೆ?

ಕಾರ್ತಿಕ ಮಾಸದಲ್ಲಿ ಬಂದರು. ಸ್ವಲ್ಪ ಸೊರಗಿದ್ದರು. ಮುದ್ರಣವಾಗಿ ಬಂದ ತಮ್ಮ ಪುಸ್ತಕವನ್ನು ನನ್ನ ಮುಂದಿಟ್ಟರು. ಮೊದಲ ಪುಟದಲ್ಲಿ ಕೆರೆ ಏರಿಯ ಶಾಸನವೆಂಬ ತಲೆಬರಹ, ಅದರ ಕೆಳಗೆ ಒಂದೇ ಸಾಲು: "ಇದನ್ನು ಓದುವ ಅಧಿಕಾರ ಲೇಖಕನಿಗೆ ಇನ್ನೂ ಬಂದಿಲ್ಲ." ಉಳಿದ ಪುಟವೆಲ್ಲ ಖಾಲಿ.

"ಪುಸ್ತಕ ಮುಗದು ಹೋತ್ರಿ," ಅಂದರು. "ಇನ್ನ ಆ ಕಲ್ಲು ಸಿಕ್ಕರೂ ಅಷ್ಟ, ಸಿಗದಿದ್ರೂ ಅಷ್ಟ. ಅದಕ್ಕ ಈಗ ಬಂದೀನಿ. ಮೊದ್ಲ ಬಂದು ಕೇಳಿದ್ರ, ಕಲ್ಲಿನ ಸಲುವಾಗಿ ಕೇಳಾಕತ್ತಾನ ಅಂತಿದ್ರಿ."

"ಅಂತಿದ್ದೆ."

"ಸಿರುಗುಪ್ಪಕ್ಕ ಹೋಗಿ ನಿಮ್ಮ ಅಪ್ಪಾರನ್ನ ಕೇಳಬೇಕಂತ ಮಾಡೀನಿ. ಅದಕಿಂತ ಮೊದ್ಲು ನಿಮ್ಮನ್ನ ಕೇಳಬೇಕಲ್ರಿ?"

ನಾನು ಪುಸ್ತಕ ಮುಚ್ಚಿ ಕೇಳಿದೆ, "ಆ ಕಲ್ಲನ್ನ ಬ್ಯಾರೆ ಯಾರರ ಮೊದ್ಲು ಓದಿಬಿಟ್ರ?"

"ಓದ್ಲಿ ಬಿಡ್ರಿ. ಆ ಖಾಲಿ ಪುಟ ನೋಡಿದ್ರ ನನಗ ಹೆಮ್ಮಿ ಆಗತೈತಿ."

ಅವತ್ತು ನಾನು ತಲೆ ತಗ್ಗಿಸಲಿಲ್ಲ, ಸೆರಗು ತಿರುವಲಿಲ್ಲ. ಅವರನ್ನು ನೇರವಾಗಿ, ಮನಸಾರೆ ನೋಡಿದೆ.

"ಐತಾರ ಬರ್ರಿ. ನಾನೂ ಊರಾಗ ಇರ್ತೀನಿ. ನೀವು ಸುಮ್ನ ಕುಂದರ್ರಿ. ಇವ್ರು ನನಗ ಬೇಕು ಅಂತ ಅಪ್ಪಗ ನಾನ ಹೇಳ್ತೀನಿ."