ಮೂರು ಗಂಟಿನ ನೂಲು

ಸಿದ್ರಾಮ ಮೂರನೇ ಸಲ ಕೊಲ್ಲಾಪುರಕ್ಕೆ ಹೋಗಿ ರಿಪೇರಿಯ ತಪ್ಪು ಹತ್ಯಾರ ತಂದ ದಿನ ನಾನು ಅವನ ಬುತ್ತಿಯನ್ನು ಅವನಿಗೆ ಕೊಡದೆ ವಾಪಸು ಮನೆಗೆ ಒಯ್ದೆ. ಎರಡು ಜೋಳದ ರೊಟ್ಟಿ, ಝುಣಕ, ಕೆಂಪು ಖಾರ. ಅವನು ಬುತ್ತಿಯ ಗಂಟನ್ನೇ ನೋಡುತ್ತ ನಿಂತ. ನೋಡಲಿ, ಹಸಿದರೆ ಬುದ್ಧಿ ಬಂದೀತು ಅಂದುಕೊಂಡೆ.

ಇಚಲಕರಂಜಿಯ ಮಗ್ಗದ ಶೆಡ್ಡಿನಲ್ಲಿ ನಮ್ಮಪ್ಪ ಹಣಮಪ್ಪ ಮಗ್ಗ ರಿಪೇರಿ ನೋಡುವ ಜಾಬರ್. ನಾನು ತಾರವ್ವ, ಅದೇ ಶೆಡ್ಡಿನಲ್ಲಿ ನೂಲಿನ ಕಂಡಿಕೆ ಸುತ್ತುವವಳು. ಶೆಡ್ಡಿನ ಗೋಡೆಗೆ ಹತ್ತಿದಂತೆ ಸಿದ್ರಾಮನ ಗ್ಯಾರೇಜು. ಉದಗಾಂವದವನು, ನಮ್ಮ ಪೈಕಿಯವನೇ. ಅವನ ತಗಡಿನ ಕೆಳಗೆ ಮೂರು ವಾರದಿಂದ ನನ್ನ ಮಲ್ಲಾರಿಮಾವನ ಲಾರಿ ಬಾನೆಟ್ ತೆರೆದು ನಿಂತಿತ್ತು.

ಮಲ್ಲಾರಿ ನನ್ನವ್ವ ಯಮುನವ್ವನ ತಮ್ಮ. ಗಡಹಿಂಗ್ಲಜದಿಂದ ಕೊಲ್ಲಾಪುರದ ಪೇಟೆಗೆ ಬೆಲ್ಲ ಹೇರುತ್ತಾನೆ. ಯಾರ ಗಾಡಿ ರಿಪೇರಿಗೆ ನಿಂತಿದೆಯೋ ಅವರ ಮನೆಯಿಂದ ಮಿಸ್ತ್ರಿಗೆ ಬುತ್ತಿ ಹೋಗುವುದು ನಮ್ಮ ಕಡೆಯ ರೂಢಿ. ಮಾವನ ಮನೆ ದೂರ, ಹಾಗಾಗಿ ಆ ಬುತ್ತಿ ನಮ್ಮ ಪಾಲಿಗೆ ಬಂತು. ಅವ್ವನಿಗೆ ಮೊಣಕಾಲು ನೋವು, ಹಾಗಾಗಿ ನನ್ನ ಪಾಲಿಗೆ ಬಂತು.

ಇನ್ನೊಂದು ಸಂಗತಿಯೂ ಇತ್ತು. ಅಕ್ಕನ ಮಗಳ ಮೇಲೆ ಸೋದರಮಾವನಿಗೆ ಮೊದಲ ಹಕ್ಕು. ಮಾವ ಲಾರಿ ಬಿಟ್ಟು ಹೋಗುವಾಗ ಗ್ಯಾರೇಜಿನ ಬಾಗಿಲಲ್ಲೇ ನಿಂತು ಅವ್ವನಿಗೆ ಹೇಳಿದ್ದ: "ಅಕ್ಕಾ, ಗಾಡಿ ಚಾಲೂ ಆದ ದಿನ ಇದರಾಗ ಸಾಖರಪುಡಾ ಮಾಡಾಕ ಬರತೇನಿ." ಸಕ್ಕರೆ ಪೊಟ್ಟಣ ಕೈಗೆ ಬಂತೆಂದರೆ ಮಾತು ಮುಗಿದಂತೆ, ಹುಡುಗಿ ಗೊತ್ತಾದಂತೆ. ನನ್ನನ್ನು ಯಾರೂ ಕೇಳಲಿಲ್ಲ. ಮಾವ ಕೆಟ್ಟವನಲ್ಲ. ನಾನು ತೊಟ್ಟಿಲಲ್ಲಿದ್ದಾಗ ನನ್ನನ್ನು ಎತ್ತಿ ಆಡಿಸಿದವನು, ಅಷ್ಟೇ ನನ್ನ ತಕರಾರು.

ಅಷ್ಟೇ ಅಲ್ಲ. ಸಿದ್ರಾಮನ ಎಡಹುಬ್ಬಿನ ಗೆರೆಯೂ ಒಂದು ತಕರಾರು.

ಆ ಗೆರೆಯ ಕಥೆ ಹೀಗೆ. ಲಾರಿಯ ಇಂಜಿನ್ನಿನ ಮೇಲ್ಭಾಗ ಬಿಚ್ಚಿ ಇಟ್ಟರೆ ಅದಕ್ಕೆ ಹೆಡ್ ಅನ್ನುತ್ತಾರೆ. ಮಾವನ ಲಾರಿಯ ಹೆಡ್ಡಿನಲ್ಲಿ ಹನ್ನೆರಡು ವಾಲ್, ಅಂದರೆ ವಾಲ್ವು. ಒಂದೊಂದು ವಾಲಿಗೂ ಒಂದು ಬಿರುಸು ಸ್ಪ್ರಿಂಗು, ಅದರ ತಲೆಗೊಂದು ಟೋಪಿ, ಟೋಪಿಯೊಳಗೆ ಒಡೆದ ಹುಣಸೆಬೀಜದಂಥ ಎರಡು ಲಾಕು. ಸ್ಪ್ರಿಂಗನ್ನು ಒತ್ತಿ ಹಿಡಿದರೆ ಮಾತ್ರ ಲಾಕು ಬಿಚ್ಚುತ್ತವೆ, ಒತ್ತಿ ಹಿಡಿದರೆ ಮಾತ್ರ ಕೂಡುತ್ತವೆ. ಮೊದಲೆಲ್ಲ ಸಿದ್ರಾಮ ಎರಡು ಸ್ಕ್ರೂಡ್ರೈವರಿನಿಂದ ಒತ್ತುತ್ತಿದ್ದ. ಹೋದ ವರ್ಷ ಒಂದು ಲಾಕು ಸಿಡಿದು ಹುಬ್ಬಿಗೆ ಬಡಿಯಿತು. ಒಂದು ಬೆರಳು ಕೆಳಗೆ ಬಡಿದಿದ್ದರೆ ಕಣ್ಣು ಹೋಗುತ್ತಿತ್ತು. ಅಂದಿನಿಂದ ಅವನು ಒಂದು ಆಣೆ ಮಾಡಿದ್ದ: ಸ್ಪ್ರಿಂಗ್ ಒತ್ತುವ ಕಂಪ್ರೆಸರ್ ತಂದ ಮೇಲೆಯೇ ಹೆಡ್ಡಿಗೆ ಕೈ ಹಾಕುವುದು.

ತರಲಿ. ಯಾರು ಬೇಡ ಅಂದರು? ಆದರೆ ತಂದದ್ದೇನು?

ಮೊದಲ ಸಲ ಎರಡು ಕವಲಿನ ಸನಿಕೆಯಂಥದ್ದು ತಂದ. "ಇದು ಹಳೇ ಜೀಪಿಗಿ ಬರತೈತ್ರಿ, ವಾಲು ಬ್ಲಾಕಿನ್ಯಾಗ ಇದ್ದರ. ಇದರ ವಾಲು ಹೆಡ್ಡಿನ್ಯಾಗ ಅದಾವ," ಅಂದ ರೊಟ್ಟಿ ಮುರಿಯುತ್ತ.

"ಅದು ತರೂಕಿಂತ ಮೊದಲ ಗೊತ್ತಿರಲಿಲ್ಲೇನ್ರಿ?"

"ಇರಲಿಲ್ರಿ," ಅಂದ. ಕಣ್ಣು ಮಾತ್ರ ನನ್ನ ಬಳೆಯ ಮೇಲಿತ್ತು.

ಎರಡನೇ ಸಲ ಕುಡುಗೋಲಿನಂತೆ ಬಾಗಿದ ಹತ್ಯಾರ ತಂದ. ಜಾತಿ ಸರಿ, ಅಳತೆ ತಪ್ಪು. ಅದರ ಬಾಯಿ ಹೆಡ್ಡಿನ ಅಂಚಿನಿಂದ ಒಳಗಿನ ವಾಲಿನವರೆಗೆ ಮುಟ್ಟಲೇ ಇಲ್ಲ. ಮೂರನೇ ಸಲ ತಂದದ್ದು ಮುಟ್ಟಿತು, ಆದರೆ ಒತ್ತುವ ಬಳೆ ದೊಡ್ಡದು, ಟೋಪಿಯ ಸುತ್ತಲಿನ ಗೋಡೆಗೆ ತಾಗಿ ಕೂತಿತು. ಮೂರು ವಾರ, ಮೂರು ಎಸ್.ಟಿ. ಬಸ್ಸಿನ ಪ್ರಯಾಣ, ಮೂರು ತಪ್ಪು. ಶಿರೋಳಿಯ ತನಕ ಹೆಸರಾದ ಮಿಸ್ತ್ರಿಯಂತೆ. ಹಿಂಗಾದರೆ ನಮ್ಮ ಶೆಡ್ಡಿನಲ್ಲಿ ಒಂದು ಕಂಡಿಕೆಯನ್ನೂ ಇವನ ಕೈಗೆ ಕೊಡುತ್ತಿರಲಿಲ್ಲ.

ನಿಜ ಹೇಳಬೇಕೆಂದರೆ ಸಿಟ್ಟು ಹತ್ಯಾರದ ಮೇಲಲ್ಲ. ಮೂರು ವಾರ ದಿನಾ ಅರ್ಧ ತಾಸು ಎದುರುಬದುರು ಕೂತಿದ್ದೇವೆ. ಖಾರ ಹೆಚ್ಚಾಯಿತೇ ಅಂದರೆ ಇಲ್ಲ ಅಂದು ಕಣ್ಣೀರು ಒರೆಸಿಕೊಳ್ಳುತ್ತಾನೆ. ನಾನು ಹೂ ಮುಡಿದು ಬಂದರೆ ಕೈಯಲ್ಲಿನ ಬೋಲ್ಟು ತಿರುವುವ ಪಾನಾ ಕೆಳಗೆ ಬೀಳುತ್ತದೆ. ನಾನು ಎದ್ದರೆ ತಾನೂ ಏಳುತ್ತಾನೆ, ಬಾಗಿಲ ತನಕ ಬರುತ್ತಾನೆ, ಬಾಯಿ ತೆರೆಯುತ್ತಾನೆ. ನನ್ನ ಎದೆ ಹೊಡೆದುಕೊಳ್ಳುತ್ತದೆ. ಆಗ ಅವನು ಹೇಳುವುದು: "ಈ ಸಲ ಸ್ಕ್ರೂ ಇರೂದು ತರಲೋ, ಹಿಡಿಕಿ ಒತ್ತೂದು ತರಲೋ ಅಂತ ವಿಚಾರ ಮಾಡಾಕತ್ತೇನ್ರಿ."

ಅವನ ತಲೆ. ಅವನ ಹಿಡಿಕೆ.

ಮರುದಿನ ಬುತ್ತಿ ಕೊಟ್ಟೆ. ಅವನು ಕೈ ತೊಳೆಯಲು ನಳದ ಕಡೆ ಹೋದಾಗ ಸೆರಗಿನಲ್ಲಿ ತಂದಿದ್ದ ನೂಲು ತೆಗೆದೆ. ಹೆಡ್ಡಿನ ಅಂಚಿನಿಂದ ವಾಲಿನವರೆಗೆ ಹಿಡಿದು ಒಂದು ಗಂಟು. ವಾಲಿನ ತಳದಿಂದ ಸ್ಪ್ರಿಂಗಿನ ಟೋಪಿಯವರೆಗೆ ಇನ್ನೊಂದು. ಟೋಪಿಯ ಅಗಲಕ್ಕೆ ಮೂರನೆಯದು. ದಿನಕ್ಕೆ ನೂರು ಸಲ ಹರಿದ ಎಳೆ ಕೂಡಿಸುವ ಬೆರಳು ನಮ್ಮವು, ಮೂರು ಗಂಟಿಗೆ ಎಷ್ಟು ಹೊತ್ತು? ಅವನು ಬರುವುದರೊಳಗೆ ನೂಲು ಮತ್ತೆ ಸೆರಗಿನಲ್ಲಿತ್ತು.

ಮಂಗಳವಾರ ಅಪ್ಪ ಮಗ್ಗದ ಒಂದು ಹಲ್ಲುಗಾಲಿ ತರಲು ಕೊಲ್ಲಾಪುರಕ್ಕೆ ಹೊರಟಿದ್ದ. ಅಂಬಾಬಾಯಿಗೆ ಕೈಮುಗಿದು ಬರುತ್ತೇನೆಂದು ನಾನೂ ಹತ್ತಿದೆ. ಅದೇ ಬಸ್ಸಿಗೆ ಸಿದ್ರಾಮ. ಮೂರನೇ ಹತ್ಯಾರವನ್ನು ಗೋಣಿಯಲ್ಲಿ ಸುತ್ತಿ ಮಡಿಲಲ್ಲಿ ಇಟ್ಟುಕೊಂಡಿದ್ದ. ಅಪ್ಪನಿಗೆ ನಮಸ್ಕಾರ ಮಾಡಿದ, ನನ್ನನ್ನು ನೋಡಿ ಗೋಣಿಯ ಗಂಟು ಬಿಚ್ಚಿ ಮತ್ತೆ ಕಟ್ಟಿದ.

ಕೊಲ್ಲಾಪುರದಲ್ಲಿ ಇಳಿದು ಅಪ್ಪ ಗಾಲಿ ತರಲು ಹೊರಟ. "ನೀನೂ ಮಿಸ್ತ್ರಿ ಜೋಡಿ ಆ ಹತ್ಯಾರದ ಅಂಗಡ್ಯಾಗ ಕುಂದರು, ಬಂದೆ," ಅಂದ. ಅಂಗಡಿಯ ಮಾಲಕ ಬಾಹುಬಲಿ, ಮೂಗಿನ ತುದಿಗೆ ಕನ್ನಡಕ ಇಟ್ಟ ಹಿರಿಯರು. ಸಿದ್ರಾಮ ಗೋಣಿ ಬಿಚ್ಚಿ, "ಇದೂ ಆಗಲಿಲ್ರಿ," ಅಂದ. ಅವರು ನಕ್ಕು ಏಳೆಂಟು ಹತ್ಯಾರ ಹರವಿದರು. ಸಿದ್ರಾಮ ಒಂದೊಂದನ್ನೇ ಎತ್ತಿ ಇಡುತ್ತ, ಗಲ್ಲ ಕೆರೆದುಕೊಳ್ಳುತ್ತ ವಿಚಾರಕ್ಕೆ ನಿಂತ. ಆ ವಿಚಾರ ನನಗೆ ಗೊತ್ತು, ಸಂಜೆಯ ಬಸ್ಸಿನ ತನಕ ನಡೆಯುತ್ತದೆ.

"ಸರೀರಿ ಅತ್ತಾಗ," ಅಂದು ಸೆರಗಿನಿಂದ ನೂಲು ತೆಗೆದೆ. ಹರವಿದ ಯಾವುದಕ್ಕೂ ಮೂರು ಗಂಟೂ ಕೂಡಲಿಲ್ಲ. ಮೇಲಿನ ಹಲಗೆಯ ಮೇಲೆ ಕಾಗದ ಸುತ್ತಿದ್ದು ಒಂದಿತ್ತು.

"ಅದು ತೆಗೀರಿ ಕಾಕಾ."

"ಅದು ಬ್ಯಾಡ," ಅಂದರು ಬಾಹುಬಲಿ. "ಅದು ವಿಕ್ರಿದಲ್ಲವ್ವಾ, ಈ ಮಿಸ್ತ್ರಿಯವರದ ಐತಿ. ಮೂರು ವಾರದ ಹಿಂದ ಪಸಂದ್ ಮಾಡಿ, ನಾ ಹೇಳೂತನಕ ಯಾರಿಗೂ ಕೊಡಬ್ಯಾಡ್ರಿ ಅಂತ ಇಡಿಸ್ಯಾರ."

ಕಾಗದ ಬಿಚ್ಚಿಸಿ ಅಳೆದೆ. ಮೊದಲ ಗಂಟು ಬರೋಬರಿ. ಎರಡನೆಯದು ಬರೋಬರಿ. ಮೂರನೆಯದೂ. ನಾನು ಸಿದ್ರಾಮನ ಕಡೆ ತಿರುಗಿದೆ. ಅವನ ಕಿವಿ ಕೆಂಪಗಾಗಿತ್ತು, ಕಣ್ಣು ನೆಲದಲ್ಲಿ.

ಅದನ್ನೇ ಕೊಂಡು ಬರುವಾಗ ಹಾತಕಣಂಗಲೆಯಲ್ಲಿ ಬಸ್ಸು ನಿಂತಿತು. ಅಪ್ಪ ಚಹಾಕ್ಕೆ ಇಳಿದ. ನಾನು ಹಿಂದಿನ ಸೀಟಿಗೆ ತಿರುಗಿದೆ. ಸಿಟ್ಟು ಬಂದರೆ ನನ್ನ ಬಾಯಲ್ಲಿ 'ನೀವು' ನಿಲ್ಲುವುದಿಲ್ಲ.

"ಮೊದಲನೇ ದಿನಾನ ನಿಂಗ ಗೊತ್ತಿತ್ತು."

"ಹೌದು."

"ಬೇಕಂತ ತಪ್ಪು ತಂದಿ."

"ಹೌದು." ಮಡಿಲ ಗೋಣಿಯ ಗಂಟು ಬಿಗಿಯುತ್ತ ಹೇಳಿದ: "ಗಾಡಿ ಚಾಲೂ ಆದ ದಿನ ಸಾಖರಪುಡಾ ಅಂತ ನಿಮ್ಮ ಮಾವ ನನ್ನ ಮುಂದ ಹೇಳ್ಯಾನ. ಚಾಲೂ ಮಾಡಾಂವ ನಾನ. ಕೈ ಹ್ಯಾಂಗ ಬರಬೇಕು?"

ನನಗೆ ಖುಷಿಯಾಯಿತು. ಎಷ್ಟು ಖುಷಿಯಾಯಿತೆಂದರೆ ಅವನ ತಲೆಯ ಮೇಲೆ ಆ ಹತ್ಯಾರವನ್ನೇ ಹಾಕಬೇಕೆನಿಸಿತು.

"ಬಾಯಿ ಇತ್ತಲ್ಲ?"

"ಸೋದರಮಾವನ ಹಕ್ಕಿನ ಮುಂದ ನನ್ನ ಬಾಯಿ ಎಷ್ಟರದು, ತಾರಾ?"

ತಾರವ್ವ ಹೋಗಿ ತಾರಾ ಆಗಿದ್ದು ಕೇಳಿಸಿತು. ಕೇಳಿಸದವಳಂತೆ ಇದ್ದೆ. "ಅಲ್ಲಿ ಸುಗ್ಗಿ ನಡದೈತಿ. ಗಾಣದ ಮುಂದ ಬೆಲ್ಲದ ಪೆಂಟಿ ಬಿದ್ದಾವ, ಮಾವ ಬಾಡಿಗಿ ಬಂಡಿ ಹುಡಿಕ್ಕೊಂತ ತಿರಗತಾನ. ಅವನ ದುಡಿಮಿ ಕೆಡಿಸಿ ನನ್ನ ಉಳಿಸ್ಕೋಬೇಕೇನು ನೀನು? ಅಂಥಾವ ನಂಗ ಬ್ಯಾಡ."

ಅವನು ಮುಖವೆತ್ತಿದ. ಆ ಮುಖ ನೋಡಿ ನನಗೇ ಪಾಪ ಅನಿಸಿತು. ಆದರೂ ಬಿಡಲಿಲ್ಲ.

"ಶನಿವಾರದೊಳಗ ಹೆಡ್ಡು ಕೂಡಿಸು. ರವಿವಾರ ಮಾವ ಬರತಾನ. ಅವನ ಮುಂದ ನಿಂತು ಹೇಳು. ಹೇಳಲಿಲ್ಲಂದ್ರ ಸಕ್ಕರಿ ಕೈಯಾಗ ತೊಗೋತೇನಿ, ತಿಳೀತಿಲ್ಲೊ?"

ಮೂರು ದಿನ ಅವನು ತಲೆ ಎತ್ತಲಿಲ್ಲ. ಸ್ಪ್ರಿಂಗು ಬಿಚ್ಚಿದ, ಸುಟ್ಟ ವಾಲು ತೆಗೆದ, ಒಂದೊಂದನ್ನೂ ಉಜ್ಜುವ ಪುಡಿ ಹಚ್ಚಿ ಅದರ ಕುಳಿಯಲ್ಲಿ ತಿರುವಿ ತಿರುವಿ ಕೂಡಿಸಿದ. ಬುತ್ತಿ ಇಟ್ಟಲ್ಲೇ ಆರುತ್ತಿತ್ತು. ಇಂಥ ಕೈ ಇಟ್ಟುಕೊಂಡು ಮೂರು ವಾರ ಸುಮ್ಮನೆ ಕೂತನಲ್ಲ ಎಂದು ನನಗೆ ಮತ್ತೆ ಸಿಟ್ಟು ಬಂತು.

ಶನಿವಾರ ಮಧ್ಯಾಹ್ನ ಲಾಕು ಕೂಡಿಸುವ ಕೆಲಸ ಉಳಿದಿತ್ತು. ಒಬ್ಬರು ಒತ್ತಿ ಹಿಡಿಯಬೇಕು, ಇನ್ನೊಬ್ಬರು ಆ ಸಣ್ಣ ಸಂದಿಯಲ್ಲಿ ಲಾಕು ಇಡಬೇಕು. ಅವನ ಬೆರಳು ದಪ್ಪ, ಗ್ರೀಸು ಹತ್ತಿ ಜಾರುತ್ತಿದ್ದವು. ನಾನು ಬಳೆ ಹಿಂದೆ ಸರಿಸಿ ಎದುರಿಗೆ ಕೂತೆ.

"ಒತ್ತು."

ಒತ್ತಿದ. ನಾನು ಬೆರಳ ತುದಿಗೆ ಚೂರು ಗ್ರೀಸು ಹಚ್ಚಿ ಲಾಕು ಇಟ್ಟೆ, ಇನ್ನೊಂದು ಇಟ್ಟೆ. ಅವನ ಉಸಿರು ನನ್ನ ಹಣೆಗೆ ತಾಗುತ್ತಿತ್ತು. ಹುಬ್ಬಿನ ಗೆರೆ ಇಷ್ಟು ಹತ್ತಿರದಿಂದ ಎಂದೂ ಕಂಡಿರಲಿಲ್ಲ.

"ಈಗ ಹೇಳು. ನಾ ಮಲ್ಲಾರಿಮಾವ ಅಂತ ತಿಳಕೊ."

"ಈಗ? ಕೈ ಸಿಕ್ಕಾವಲ್ಲ ನನ್ನವು."

"ಅದಕ್ಕ ಈಗ. ಓಡಿ ಹೋಗಾಕ ಬರೂದಿಲ್ಲ ನಿನಗ."

"ಮಲ್ಲಾರಪ್ಪಾರ, ಲಾರಿ ಆಗೇತ್ರಿ," ಅಂದ.

"ಲಾರಿ ಸುದ್ದಿ ಯಾರು ಕೇಳಿದ್ರು? ಬಿಡು, ಮುಂದಿನ್ದು."

ಎರಡನೇ ವಾಲಿಗೆ ಹವೆಯ ಸುದ್ದಿ ಹೇಳಿದ. ಮೂರನೆಯದಕ್ಕೆ ಬೆಲ್ಲದ ದರ ಕೇಳಿದ. ಐದನೆಯದಕ್ಕೆ ನನ್ನ ಹೆಸರು ಬಾಯಿಗೆ ಬಂದು ಕೆಮ್ಮು ಬಂತು. ಏಳನೆಯದಕ್ಕೆ, "ನಿಮ್ಮ ಅಕ್ಕನ ಮಗಳು ಭಾಳ ಬೈತಾಳ್ರಿ," ಅಂದ. ನಾನು ನಕ್ಕೆ, ಲಾಕು ಜಾರಿ ಧೂಳಿನಲ್ಲಿ ಬಿತ್ತು. ಇಬ್ಬರೂ ಮಂಡಿಯೂರಿ ಹುಡುಕಿದೆವು. ನನ್ನ ಕೈಗೂ ಅವನ ಕೈಗೂ ಒಟ್ಟಿಗೆ ಸಿಕ್ಕಿತು. ಸ್ವಲ್ಪ ಹೊತ್ತು ಇಬ್ಬರೂ ಬಿಡಲಿಲ್ಲ.

ಹನ್ನೊಂದನೆಯದು. ಅವನು ಹಿಡಿಕೆ ಒತ್ತಿ ನನ್ನನ್ನೇ ನೋಡಿದ. ದನಿ ಬೇರೆಯಾಗಿತ್ತು.

"ಮಲ್ಲಾರಪ್ಪಾರ, ನಿಮ್ಮ ಗಾಡಿ ನಾ ಬೇಕಂತ ಮೂರು ವಾರ ನಿಲ್ಲಿಸೇನ್ರಿ. ಅದು ತಪ್ಪು. ಹಕ್ಕು ನಿಮ್ಮದು ಅನ್ನೂದೂ ಗೊತ್ತೈತಿ. ಆದ್ರ ತಾರಾ ಬುತ್ತಿ ತರಲಾರದ ದಿನ ನನಗ ಊಟ ಸೇರೂದಿಲ್ರಿ, ಕೆಲಸ ಸೇರೂದಿಲ್ರಿ. ನೀವು ಬಿಟ್ಟುಕೊಟ್ರ ಆಕಿನ್ನ ಮಾಡಿಕೋತೇನಿ. ಕೊಡಲಿಲ್ಲಂದ್ರೂ ನಿಮ್ಮ ಗಾಡಿ ಇವತ್ತ ಚಾಲೂ ಮಾಡಿ ಕೊಡತೇನಿ."

ನನಗೆ ಲಾಕು ಇಡುವುದು ಮರೆತುಹೋಯಿತು.

"ಇನ್ನೂ ಒಂದು ಉಳದೈತೆಲ್ಲ. ಅದು ಹಾಕ್ರಿ ಮೊದಲ," ಎಂದು ಬಾಗಿಲ ಕಡೆಯಿಂದ ಯಾರೋ ಅಂದರು.

ಮಲ್ಲಾರಿಮಾವ. ಒಂದು ದಿನ ಮೊದಲೇ ಬಂದಿದ್ದ. ಕಂಕುಳಲ್ಲಿ ಬಟ್ಟೆಯ ಗಂಟು. ಎಷ್ಟನೇ ವಾಲಿನಿಂದ ನಿಂತಿದ್ದನೋ ದೇವರಿಗೇ ಗೊತ್ತು. ಹನ್ನೊಂದನೆಯದನ್ನೂ ಹನ್ನೆರಡನೆಯದನ್ನೂ ಹೇಗೆ ಕೂಡಿಸಿದೆನೋ ತಿಳಿಯದು.

ಮಾವ ಅಂಗಿ ಬಿಚ್ಚಿ, ತೋಳು ಕೊಟ್ಟು, ಹೆಡ್ಡು ಎತ್ತಿ ಇಂಜಿನ್ನಿನ ಮೇಲೆ ಕೂಡಿಸಲು ನೆರವಾದ. ಇಳಿಹೊತ್ತಿಗೆ ಲಾರಿ ಒಮ್ಮೆ ಕೆಮ್ಮಿ, ಆಮೇಲೆ ಒಂದೇ ಸಮ ಓಡತೊಡಗಿತು. ಮಾವ ನಳದ ಕೆಳಗೆ ಕೈ ತೊಳೆದ. ಗ್ರೀಸು ಹೋದ ಮೇಲೂ ಬಹಳ ಹೊತ್ತು ತೊಳೆಯುತ್ತಲೇ ಇದ್ದ. ನನಗೆ ಅಳು ಬಂತು.

"ನನ್ನ ಮೂರು ವಾರದ ಸುಗ್ಗಿ ತಿಂದೀದಿ," ಅಂದ ಸಿದ್ರಾಮನಿಗೆ. "ಅದಕ್ಕ ನಿನಗ ಮಾಫಿ ಇಲ್ಲ. ಈ ಸುಗ್ಗಿ ಮುಗಿಯೂತನಕ ಗಾಡಿ ಎಲ್ಲಿ ನಿಂತರೂ ನೀನ ಬರಬೇಕು. ಬುತ್ತಿ ಸಿಗೂದಿಲ್ಲ."

"ಬರತೇನ್ರಿ."

ಮಾವ ನನ್ನ ಕಡೆ ತಿರುಗಿದ. "ನೀನರ ಒಂದು ಮಾತು ಹೇಳಬಾರದೇನ, ಹುಡುಗಿ?"

"ನನ್ನ ಯಾರು ಕೇಳಿದ್ರು, ಮಾವಾ?"

ಅವನು ತಲೆ ಅಲ್ಲಾಡಿಸಿದ. ಗಂಟು ಬಿಚ್ಚಿ ಸಕ್ಕರೆಯ ಪೊಟ್ಟಣ ತೆಗೆದು ತನ್ನ ಜೇಬಿಗೆ ಹಾಕಿಕೊಂಡ. ಉಳಿದದ್ದು ಒಂದು ಹಸಿರು ಇಳಕಲ್ ಸೀರೆ. ಅದನ್ನು ನನ್ನ ಕೈಯಲ್ಲಿಟ್ಟ.

"ಹೆಂಡತಿ ಆಗಿದ್ರೂ ಸೀರಿ ನಾನ ತರಾಂವಿದ್ದೆ. ಸೋದರಸೊಸಿ ಆದ್ರೂ ಮದುವಿ ಸೀರಿ ಸೋದರಮಾವನ ತರಬೇಕು. ಇಟಗೊ. ಸಕ್ಕರಿ ಇವನ ಮನ್ಯಾವರು ತರಲಿ."

ಲಾರಿ ಹೋಯಿತು. ಧೂಳು ಇಳಿಯುವ ತನಕ ಇಬ್ಬರೂ ಬಾಗಿಲಲ್ಲಿ ನಿಂತಿದ್ದೆವು.

"ಮಾವನ ಮುಂದ ಹೇಳಿದಿ," ಅಂದೆ. "ನನಗ ಏನೂ ಹೇಳಲಿಲ್ಲ."

"ಹನ್ನೊಂದು ಸಲ ಹೇಳಿದೆನಲ್ಲ."

"ಅದು ಮಾವಗ."

ಸಿದ್ರಾಮ ಬಾಯಿ ತೆರೆದ. ನನ್ನ ಎದೆ ಹೊಡೆದುಕೊಂಡಿತು. ಈಗ ಮತ್ತೆ ಹಿಡಿಕೆ, ಸ್ಕ್ರೂ ಅಂದರೆ ಸೀರೆ ಸಮೇತ ಮನೆಗೆ ಹೋಗುತ್ತೇನೆಂದು ನಿಶ್ಚಯ ಮಾಡಿದ್ದೆ. ಅವನು ಅಂಗಿಯ ಜೇಬಿನಿಂದ ನನ್ನ ನೂಲು ತೆಗೆದ. ಬಾಹುಬಲಿಯವರ ಅಂಗಡಿಯಲ್ಲಿ ನಾನು ಮರೆತು ಬಂದದ್ದು. ಮೂರು ಗಂಟೂ ಹಾಗೇ ಇದ್ದವು.

"ಈ ಅಳತಿ ಬಿಟ್ಟು ಬ್ಯಾರೆ ಯಾವುದೂ ನನಗ ಕೂಡೂದಿಲ್ಲ, ತಾರಾ. ನೀ ಅಂದ್ರ ನನಗ ಭಾಳ ಜೀವ," ಅಂದ.

ನಾನು ಬುತ್ತಿ ಬಿಚ್ಚಿದೆ. ರೊಟ್ಟಿ ಆರಿ ಸೆಟೆದಿತ್ತು. ಅವನು ಎರಡೂ ತಿಂದ.