ಕಣ್ಣು ಬಿಟ್ಟ ಕುದುರೆ ನೊಣ

ಪೆಟ್ಟಿಗೆಯಲ್ಲಿ ಕುದುರೆ ನೊಣ ಇತ್ತು. ಇರಬೇಕಾದ ನೊಣ ಮಾತ್ರ ಅದಲ್ಲ ಎಂದು ಮ್ಯೂಸಿಯಮ್ಮಿನ ಕೀಟ ವಿಭಾಗದ ಮುಖ್ಯಸ್ಥರು ಪೊಲೀಸರನ್ನು ಕರೆಸಿದ್ದರು. ಅವರು ಜೀರುಂಡೆ ತಜ್ಞರು. ಮಾತೂ ಅದೇ ರಾಗದಲ್ಲಿ.

"ಈ ನೊಣ ನೋಡಿಯೇ ಆ ಜಾತಿಗೆ ಹೆಸರಿಟ್ಟಿದ್ದು ಮೇಡಂ. ನೂರು ವರ್ಷದ್ದು. ಕಣ್ಣು ಒಣಗಿ ತುಕ್ಕಿನ ಬಣ್ಣಕ್ಕೆ ತಿರುಗಿತ್ತು. ಈಗ ನೋಡಿ."

ಇನ್ಸ್‌ಪೆಕ್ಟರಮ್ಮ ಮೈಕ್ರೋಸ್ಕೋಪಿಗೆ ಕಣ್ಣಿಟ್ಟರು. ಮಿರುಗುವ ಹಸಿರು, ಅದರ ಮೇಲೆ ನೇರಳೆ ಪಟ್ಟೆ. ಕಾಸಗಲದ ಜಾಗದಲ್ಲಿ ರೇಷ್ಮೆ ಅಂಗಡಿ.

"ಅಬ್ಬಬ್ಬ," ಎಂದರು. ಡ್ಯೂಟಿಯಲ್ಲಿ ಆಡುವ ಮಾತಲ್ಲ.

"ಹಸೀ ನೊಣ. ಹಳೇದನ್ನ ಎತ್ತಿಟ್ಕೊಂಡು ಇದನ್ನ ಚುಚ್ಚಿದಾನೆ." ಮುಖ್ಯಸ್ಥರ ಬೆರಳು, ನಿನ್ನೆ ಆ ನೊಣದ ಫೋಟೋ ತೆಗೆದಿದ್ದ ಫೋಟೋಗ್ರಾಫರ್ ಹುಡುಗನ ಕಡೆ ತಿರುಗಿತು. "ಇವತ್ತೇ ಆಚೆ ಹಾಕ್ತೀನಿ."

"ನೊಣ ಹೊಡೀತಾ ಕೂತವನಿಗಾದ್ರೂ ಕೆಲಸ ಸಿಗತ್ತೆ ಸಾರ್. ನೊಣ ಕದ್ದವನಿಗೆ ಯಾರು ಕೊಡ್ತಾರೆ?" ಎಂದು ಹುಡುಗ ಅಲವತ್ತುಕೊಂಡ.

"ಅವನು ಕಳ್ಳ ಅಲ್ಲ," ಎಂದರು ಕ್ಯಾಟಲಾಗ್ ಬರೆಯುವ ಅಕ್ಕ, ತಲೆ ಎತ್ತದೆ. ಪೇಪರಿನ ಮೇಲೆ ಹರಡಿಕೊಂಡು ಊಟ ಮಾಡುತ್ತಿದ್ದರು.

*

ಫೋಟೋಗ್ರಾಫರನ ಚೀಲ ಜಾಲಾಡಿದ್ದಾಯಿತು. ಲೆನ್ಸು, ಕುಂಚ. ನೊಣವಿಲ್ಲ.

"ನಿನ್ನೆ ಏನು ತೆಗೆದೆ?"

"ರೆಕ್ಕೆ ಮಾತ್ರ ಮೇಡಂ. ಕೂದಲೆಳೆಯಷ್ಟು ಸರಿಸ್ತಾ ಸರಿಸ್ತಾ ಹತ್ತಾರು ಫೋಟೋ. ಎಲ್ಲಾ ಸೇರಿಸಿದ್ರೆ ಒಂದು."

ಆ ಒಂದು ಪರದೆಯ ಮೇಲೆ ಬಂತು. ಗಾಜಿನ ಕಿಟಕಿಯಂಥ ರೆಕ್ಕೆ, ಎಡ ಅಂಚಿನಲ್ಲಿ ಸಣ್ಣ ಹರಕು. ಇನ್ಸ್‌ಪೆಕ್ಟರಮ್ಮ ಪೆಟ್ಟಿಗೆಯ ನೊಣ ನೋಡಿದರು, ಪರದೆ ನೋಡಿದರು, ಮತ್ತೆ ನೊಣ ನೋಡಿದರು. ಆಮೇಲೆ ಪೆಟ್ಟಿಗೆ ಮೂಸಿದರು.

*

"ಹೊಸ ನೊಣಕ್ಕೆ ಹಳೇ ಗಾಯ ಎಲ್ಲಿಂದ ಬಂತು ಸಾರ್? ಅದೇ ಹರಕು, ಅದೇ ಆಕಾರ. ನೊಣ ಬದಲಾಗಿಲ್ಲ, ಒದ್ದೆಯಾಗಿದೆ. ಸೂಜಿಯ ಚೀಟಿ ತೇವಕ್ಕೆ ಸುರುಟಿಕೊಂಡಿದೆ. ಪೆಟ್ಟಿಗೇಲಿ ಫಿನಾಯಿಲ್ ವಾಸನೆ." ಅವರು ತಿರುಗಿದರು. "ಅಕ್ಕ, ನಿಮ್ಮ ಊಟದ ಡಬ್ಬಿ ಶೆಲ್ಫಲ್ಲೇ ಇದೆ. ಪೇಪರ್ ಮೇಲೆ ಯಾಕೆ ಊಟ?"

ಡಬ್ಬಿ ತೆರೆದರೆ ಒದ್ದೆ ಮರಳು. ಅದೇ ವಾಸನೆ.

ಅಕ್ಕ ಎದ್ದು ನಿಂತರು. "ರಾತ್ರಿ ನೊಣಾನ ಇದರಲ್ಲಿಟ್ಟಿದ್ದೆ. ತೇವ ಕುಡಿದ್ರೆ ಕಣ್ಣಿನ ಬಣ್ಣ ಸ್ವಲ್ಪ ಹೊತ್ತು ವಾಪಸ್ ಬರತ್ತೆ. ಬೂಷ್ಟು ಹಿಡೀದಿರ್ಲಿ ಅಂತ ಫಿನಾಯಿಲ್ ಹನಿ. ಕ್ಯಾಟಲಾಗಲ್ಲಿ 'ಕಣ್ಣಿನ ಪಟ್ಟೆ ತಿಳಿದಿಲ್ಲ' ಅಂತ ಬರೆಯೋಕೆ ಕೈ ಬರ್ಲಿಲ್ಲ. ನಿಮ್ಮನ್ನ ಕೇಳಿದ್ರೆ ಬೇಡ ಅಂತಿದ್ರಿ ಸಾರ್."

"ಕೊಳೆತು ಹೋಗಿದ್ರೆ?"

"ಹೋಗ್ತಿತ್ತು. ಅದಕ್ಕೇ ಬಾಯಿ ಬಿಡೋಕೆ ಹೆದರಿದೆ. ಹುಡುಗನ ತಲೆಗೆ ಬಂದಾಗ್ಲಾದ್ರೂ ಹೇಳ್ಬೇಕಿತ್ತು. ತಪ್ಪು ನಂದೇ."

ಮುಖ್ಯಸ್ಥರು ಬಯ್ಯಲು ಬಾಯಿ ತೆರೆದು, ಏನನ್ನಿಸಿತೋ, ಮೈಕ್ರೋಸ್ಕೋಪಿಗೆ ಬಗ್ಗಿದರು. ಬಹಳ ಹೊತ್ತು ಏಳಲಿಲ್ಲ. ನೇರಳೆ ಆಗಲೇ ಅಂಚಿನಿಂದ ಮಂಕಾಗುತ್ತಿತ್ತು.

"ಅಕ್ಕ, ನಿಮಗೆ ಮೆಮೊ ಗ್ಯಾರಂಟಿ," ಎಂದರು ಬಗ್ಗಿಕೊಂಡೇ. ಆಮೇಲೆ ಫೋಟೋಗ್ರಾಫರನಿಗೆ: "ಇನ್ನೂ ನಿಂತಿದೀಯಲ್ಲಪ್ಪ, ಲೈಟ್ ಹಾಕು. ಒಣಗ್ತಾ ಇದೆ."

ಇನ್ಸ್‌ಪೆಕ್ಟರಮ್ಮ ಟೋಪಿ ತೆಗೆದಿಟ್ಟು ದೀಪದ ಸ್ಟ್ಯಾಂಡು ಹಿಡಿದುಕೊಂಡರು.