ಏಳನೇ ಟ್ರ್ಯಾಕ್

"ಮಗೂಗೆ ಎಷ್ಟು ವಯಸ್ಸು ಮೇಡಂ?"

"ಮೂವತ್ತೊಂದು."

ಅವರ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಗಾಳಿಯಲ್ಲೇ ನಿಂತಿತು. ವಾದ್ಯಗಳ ಅಂಗಡಿಯ ಮೇಜಿನ ಮೇಲೆ ಒಂದು ಕೀಬೋರ್ಡನ್ನು ಬೋರಲು ಮಲಗಿಸಿ, ಅದರ ಹೊಟ್ಟೆ ಬಿಚ್ಚಿಕೊಂಡು ಕೂತಿದ್ದ ಮನುಷ್ಯ ತಲೆಯೆತ್ತಿ ಮೊದಲ ಸಲ ನನ್ನ ಮುಖ ನೋಡಿದರು. ನಾನು ಕೇಳಿದ್ದು ಇಷ್ಟೇ: ಎಲೆಕ್ಟ್ರಾನಿಕ್ ಮ್ಯೂಸಿಕ್ ಮಾಡಲು ಹೊಸಬರಿಗೆ ಯಾವ ಸಾಫ್ಟ್‌ವೇರ್ ಒಳ್ಳೆಯದು? ಹೊಸಬರು ಎಂದರೆ ಮಕ್ಕಳೇ ಎಂದು ಅವರೇ ತೀರ್ಮಾನಿಸಿಬಿಟ್ಟಿದ್ದರು.

"ಅಯ್ಯೋ, ನಿಮಗಾ? ಸಾರಿ ಸಾರಿ."

"ಯಾಕೆ, ಮೂವತ್ತು ದಾಟಿದ್ರೆ ಕಿವಿ ಕೆಲಸ ಮಾಡಲ್ವಾ?"

ಆಗ ಅವರು ನಕ್ಕರು. ಆ ನಗುವಿನ ಬಗ್ಗೆ ಈಗಲೇ ಹೇಳಿಬಿಡುತ್ತೇನೆ, ಏಕೆಂದರೆ ನನ್ನ ಗ್ರಹಚಾರ ಶುರುವಾದದ್ದೇ ಅಲ್ಲಿಂದ. ಮೊದಲು ಮೂಗಿನಲ್ಲಿ ಸಣ್ಣದೊಂದು ಉಸಿರು. ಆಮೇಲೆ ಒಂದು ಕ್ಷಣ ಏನೂ ಇಲ್ಲ, ಮುಗಿಯಿತೇನೋ ಅಂದುಕೊಳ್ಳುತ್ತೇವೆ. ಆಮೇಲೆ ಮೆಟ್ಟಿಲು ಹತ್ತುವವರ ಹಾಗೆ ಮೂರು ಸಲ ಮೇಲಕ್ಕೇರುವ ನಗು. ಕೇಳಿದವರು ಕಾರಣ ಗೊತ್ತಿಲ್ಲದಿದ್ದರೂ ನಗಲೇಬೇಕು.

ನಾನು ಕೆಲಸ ಮಾಡುವುದು ಅದೇ ಕಟ್ಟಡದ ಕೆಳಗಿನ ಕನ್ನಡಕದ ಅಂಗಡಿಯಲ್ಲಿ. ಗಿರಾಕಿಗಳ ಕಣ್ಣು ಪರೀಕ್ಷೆ ಮಾಡುವುದು, ಫ್ರೇಮಿನ ಅಳತೆಗೆ ಗಾಜು ಉಜ್ಜುವುದು ನನ್ನ ಕೆಲಸ. ಗಾಜು ಉಜ್ಜುವ ಮೆಷಿನ್‌ಗೆ ಒಂದು ತಾಳವಿದೆ. ಅಂಚು ದಪ್ಪವಿದ್ದಲ್ಲಿ ಗುರ್ ಎನ್ನುತ್ತದೆ, ತೆಳುವಾದಲ್ಲಿ ಗುಂಯ್ ಎನ್ನುತ್ತದೆ. ಆರು ವರ್ಷ ಅದನ್ನು ಕೇಳಿ ಕೇಳಿ, ಇದರ ಮೇಲೆ ಬಾಸ್‌ನ ತಗ್ಗು ದನಿಯೊಂದು ಕೂತರೆ ಹೇಗಿರುತ್ತದೆ ಎಂಬ ಹುಚ್ಚು ಹಿಡಿದಿತ್ತು. ಮೇಲಿನ ಮಹಡಿಯ ವಾದ್ಯಗಳ ಅಂಗಡಿಗೆ ಅವತ್ತು ಹತ್ತಿದ್ದು ಅದಕ್ಕೇ.

ಅವರು ಸಾಫ್ಟ್‌ವೇರ್‌ಗಳ ಹೆಸರು ಹೇಳುತ್ತಾ ಹೋದರು. ಪಟ್ಟಿ ಹನುಮಂತನ ಬಾಲವಾಯಿತು. ಒಂದಕ್ಕೆ ಇದು ಚೆನ್ನ, ಇನ್ನೊಂದಕ್ಕೆ ಅದು ಚೆನ್ನ. ನನಗೆ ತಲೆ ಗಿರ್ ಎಂದಿತು.

"ಸ್ವಲ್ಪ ನಿಲ್ಸಿ," ಎಂದೆ. "ಹನ್ನೆರಡು ಗಾಜು ಒಟ್ಟಿಗೆ ಕಣ್ಣಿಗೆ ಹಿಡಿದ್ರೆ ನನ್ನ ಗಿರಾಕಿ ಎದ್ದು ಹೋಗ್ತಾನೆ. ನಾವು ಎರಡೆರಡೇ ತೋರ್ಸೋದು. ಇದು ಚೆನ್ನಾಗಿ ಕಾಣ್ಸತ್ತಾ, ಅದಾ? ಗೆದ್ದಿದ್ದನ್ನ ಇಟ್ಕೊಂಡು ಮುಂದಿಂದು."

ಅವರು ತಲೆ ಕೆರೆದುಕೊಂಡರು. "ಹಾಗೆ ತೋರ್ಸಿದ್ರೆ ತುಂಬಾ ದಿನ ಹಿಡಿಯತ್ತಲ್ಲ ಮೇಡಂ."

"ಹಿಡೀಲಿ. ದಿನಾ ಊಟದ ಬಿಡುವಲ್ಲಿ ಬರ್ತೀನಿ."

ಹಾಗೆ ಶುರುವಾಯಿತು ನಮ್ಮ ಅರ್ಧ ಗಂಟೆ. ನಾನು ಗಬಗಬನೆ ನಾಲ್ಕು ತುತ್ತು ತಿಂದು ಮೇಲೆ ಓಡುವುದು, ಅವರು ಹೆಡ್‌ಫೋನ್ ಒರೆಸಿ ಇಟ್ಟುಕೊಂಡಿರುವುದು. ಒಂದರಲ್ಲಿ ಶಬ್ದಗಳು ಉದ್ದುದ್ದ ಪಟ್ಟಿಗಳಾಗಿ ಹರಿಯುತ್ತಿದ್ದವು. ಇನ್ನೊಂದರಲ್ಲಿ ಚೌಕದ ಮನೆಗಳು. ಒತ್ತಿದ ಮನೆ ಮಾತ್ರ ಬಡಿಯುತ್ತದೆ. "ಇದಾ, ಅದಾ?" ಎಂದು ಅವರು ಕೇಳುವಾಗ ಪರದೆ ನೋಡುತ್ತಿರಲಿಲ್ಲ, ನನ್ನ ಹುಬ್ಬು ನೋಡುತ್ತಿದ್ದರು. ಇಷ್ಟವಾಗದಿದ್ದರೆ ನನ್ನ ಎಡಹುಬ್ಬು ಮೊದಲೇ ಹೇಳಿಬಿಡುತ್ತದಂತೆ.

"ಹುಬ್ಬು ಬೇಡ ಅಂತಿದೆ," ಎನ್ನುವರು.

"ಹುಬ್ಬನ್ನ ಯಾಕ್ರೀ ನೋಡ್ತೀರಿ?"

"ಬಾಯಿ ಸುಳ್ಳು ಹೇಳತ್ತೆ ಅಂತ."

ಎರಡು ವಾರದ ಕೊನೆಗೆ ಚೌಕದ ಮನೆ ಗೆದ್ದಿತು. "ಕೊನೆಗೂ ಆಯ್ಕೆ ಆಯ್ತು," ಎಂದು ಅವರು ಹೇಳಿದ ಧಾಟಿಯಲ್ಲಿ ಖುಷಿ ಕಡಿಮೆ ಇದ್ದಂತೆ ಕಂಡಿತು. "ಇನ್ಮೇಲೆ ಹಾಡು ಚೆನ್ನಾಗಿ ಬರ್ಲಿಲ್ಲ ಅಂತ ಸಾಫ್ಟ್‌ವೇರ್‌ನ ಬೈಬೇಡಿ. ಕುಣಿಯಲಾರದವಳು ನೆಲ ಡೊಂಕು ಅಂದ್ಳಂತೆ."

ಟ್ರಯಲ್ ವರ್ಷನ್ ಹಾಕಿಕೊಟ್ಟು ಎರಡು ಬುದ್ಧಿಮಾತು ಹೇಳಿದರು. ಒಂದು, ಟ್ರಯಲ್‌ನಲ್ಲಿ ಹಾಡು ಸೇವ್ ಆಗುತ್ತದೆ, ಆದರೆ ಒಮ್ಮೆ ಮುಚ್ಚಿದರೆ ಮತ್ತೆ ತೆರೆಯಲು ಪೂರ್ತಿ ವರ್ಷನ್ ಬೇಕು. ಎರಡು, ಪ್ರತಿ ಟ್ರ್ಯಾಕಿಗೂ, ಅಂದರೆ ಒಂದೊಂದು ಸದ್ದಿನ ಸಾಲಿಗೂ, ಹೆಸರಿಡಬೇಕು. 'ಆಡಿಯೋ ಒಂದು, ಆಡಿಯೋ ಎರಡು' ಎಂದು ಬಿಟ್ಟರೆ ಹತ್ತು ದಿನದ ಮೇಲೆ ಯಾವುದರಲ್ಲಿ ಏನಿದೆ ಎಂದು ಮಾಡಿದವರಿಗೇ ಗೊತ್ತಾಗುವುದಿಲ್ಲ.

ಪೂರ್ತಿ ವರ್ಷನ್ ಕೊಳ್ಳುವುದು ಸದ್ಯಕ್ಕೆ ನನ್ನ ಕೈಲಾಗದ ಮಾತು. ಹಾಗಾಗಿ ಮುಚ್ಚುವುದೇ ಬೇಡವೆಂದು ತೀರ್ಮಾನಿಸಿ ಲ್ಯಾಪ್‌ಟಾಪನ್ನು ಹಗಲೂ ರಾತ್ರಿ ಆನ್ ಇಟ್ಟೆ. ಮನೆಯಲ್ಲಿ ಅಮ್ಮ, ಅಕ್ಕ, ನಾನು. ಭಾವ ಹಡಗಿನ ಕೆಲಸದಲ್ಲಿರುವುದರಿಂದ ಅಕ್ಕ ನಮ್ಮ ಜೊತೆಗೇ ಇದ್ದಾಳೆ. ಅವಳು ಶಾಲೆಯಲ್ಲಿ ಪಿ.ಟಿ. ಟೀಚರ್. ನನ್ನ ಹುಚ್ಚು ಕಂಡದ್ದೇ ಒಂದು ಕೆಲಸ ಅಂಟಿಸಿದಳು: ಸ್ಪೋರ್ಟ್ಸ್ ಡೇಗೆ ಅರವತ್ತು ಮಕ್ಕಳ ಡ್ರಿಲ್, ಎಂಟೆಂಟರ ಲೆಕ್ಕ, ನಾಲ್ಕು ನಿಮಿಷ. "ಚೆನ್ನಾಗಿ ಮಾಡು, ನನ್ನ ಮಾನ ತೆಗೀಬೇಡ."

ಗಾಜಿನ ಮೆಷಿನ್ ಮೊದಲ ಟ್ರ್ಯಾಕ್ ಆಯಿತು. ಡ್ರಾಯರ್ ಎಳೆಯುವ ಸದ್ದು ಎರಡನೆಯದು. ಕನ್ನಡಕದ ಡಬ್ಬಿ ಟಪ್ಪೆಂದು ಮುಚ್ಚುವುದು ಮೂರು. ಆಮೇಲೆ ಅಕ್ಕನ ವಿಸಿಲ್, ಬಾಸ್, ಮೇಲಿನ ರಾಗ. ಒಂದೊಂದಕ್ಕೂ ಹೇಳಿಕೊಟ್ಟಂತೆಯೇ ಹೆಸರಿಟ್ಟೆ.

ಏಳನೆಯದು ಬೇಕೆಂದು ಮಾಡಿದ್ದಲ್ಲ. ಆಯ್ಕೆ ಮುಗಿದರೂ ಊಟದ ಬಿಡುವಿನಲ್ಲಿ ಮೇಲಿನ ಅಂಗಡಿಗೆ ಹೋಗುವುದನ್ನು ನಾನು ಬಿಟ್ಟಿರಲಿಲ್ಲ. ಕೆಟ್ಟ ಕೀಬೋರ್ಡಿನ ಕೀಲಿಗಳ ಕಟಕಟ ಸದ್ದು ಬೇಕೆಂದು ಒಂದು ಮಧ್ಯಾಹ್ನ ಅಲ್ಲೇ ಫೋನಿನಲ್ಲಿ ರೆಕಾರ್ಡ್ ಮಾಡುತ್ತಿದ್ದೆ. ಯಾರೋ ಗಿರಾಕಿ ಬಂದು, "ಶಬ್ದ ಬರದೇ ಇರೋ ಡ್ರಮ್ ಇದೆಯಾ? ಗಂಡನಿಗೆ ಪ್ರೆಸೆಂಟ್ ಕೊಡ್ಬೇಕು," ಎಂದರು. ಇವರು ನಕ್ಕುಬಿಟ್ಟರು. ಮನೆಗೆ ಬಂದು ಕೇಳಿದರೆ ಕೀಲಿಗಳ ಸದ್ದು ಎಲ್ಲೋ ಹೋಗಿತ್ತು, ಆ ನಗು ಮಾತ್ರ ಸ್ವಚ್ಛವಾಗಿ ಕೂತಿತ್ತು. ಉಸಿರು, ಖಾಲಿ, ಆಮೇಲೆ ಮೂರು ಮೆಟ್ಟಿಲು. ತಾಳಕ್ಕೆ ಕತ್ತರಿಸಿಟ್ಟ ಹಾಗೆ. ಅದನ್ನು ಎಲ್ಲದರ ಕೆಳಗೆ, ಯಾರಿಗೂ ಕೇಳಿಸದಷ್ಟು ಸಣ್ಣಗೆ ಇಟ್ಟೆ. ಹೆಸರು ಕೇಳಿತು ಸಾಫ್ಟ್‌ವೇರ್. ಯಾರು ನೋಡುತ್ತಾರೆ ಎಂಬ ಧೈರ್ಯದಲ್ಲಿ ಟೈಪ್ ಮಾಡಿದೆ: 'ನನ್ನವರ ನಗು'. ಬರೆದವಳೂ ನಾನೇ, ಕಿವಿ ಕೆಂಪಾಗಿಸಿಕೊಂಡವಳೂ ನಾನೇ.

ಹಾಡು ಮುಗಿದಿತ್ತು ಎನ್ನಬಹುದು. ಆದರೆ ಇನ್ನೊಂಚೂರು, ಇನ್ನೊಂಚೂರು ಎಂದು ತಿದ್ದಿ ಸೇವ್ ಮಾಡುತ್ತಲೇ ಇದ್ದೆ; ಆಡಿಯೋ ಫೈಲ್ ಮಾಡಿ ಹೊರಗೆ ತೆಗೆದಿಟ್ಟುಕೊಳ್ಳಲಿಲ್ಲ. ಸ್ಪೋರ್ಟ್ಸ್ ಡೇ ಶನಿವಾರ. ಗುರುವಾರ ಬೆಳಿಗ್ಗೆ ಸ್ನಾನ ಮಾಡಿ ಬಂದರೆ ಲ್ಯಾಪ್‌ಟಾಪ್ ಕಪ್ಪಗೆ ಮಲಗಿತ್ತು.

"ಜ್ವರ ಬಂದೋರ ಹಣೆ ಥರ ಸುಡ್ತಿತ್ತು ಕಣೇ," ಎಂದಳು ಅಕ್ಕ. "ಪಾಪ ಅಂತ ಆಫ್ ಮಾಡ್ದೆ."

ನಾನು ತಲೆಯ ಮೇಲೆ ಕೈ ಹೊತ್ತು ಕೂತೆ. ವಿಷಯ ತಿಳಿದು ಅವಳಿಗೂ ಬೆವರಿತು. ಆದರೆ ಪಿ.ಟಿ. ಟೀಚರ್ ಎಷ್ಟು ಹೊತ್ತು ಬೆವರಿಯಾಳು? "ನಿನ್ನ ಹೆಡ್‌ಫೋನ್ ಹತ್ರ ಪೂರ್ತಿ ವರ್ಷನ್ ಇರತ್ತಲ್ಲ? ಅಲ್ಲಿ ತೆಗ್ಸು." ಅವಳು ಅವರನ್ನು ಕರೆಯುತ್ತಿದ್ದದ್ದೇ ಹಾಗೆ. ನಾನು ಬೇಡವೆಂದು ತಲೆಯಾಡಿಸಿದೆ. "ಯಾಕೇ? ಒಳಗೆ ಏನ್ ಬಚ್ಚಿಟ್ಟಿದ್ದೀಯಾ?"

ಹೇಳಿದೆ. ಅವಳು ಸೋಫಾ ಹಿಡಿದುಕೊಂಡು ನಕ್ಕಳು. ಆಮೇಲೆ ನನ್ನ ಮುಖ ನೋಡಿ ನಗು ನಿಲ್ಲಿಸಿದಳು.

ಹಾಡೊಂದೇ ಆಗಿದ್ದರೆ ನಾನು ಅಷ್ಟು ಹೆದರುತ್ತಿರಲಿಲ್ಲ. ಆ ಹೆಸರು ನೋಡಿ ಅವರು ಸಭ್ಯವಾಗಿ ಏನೂ ನೋಡದವರಂತೆ ಇದ್ದುಬಿಟ್ಟರೆ? ಮರುದಿನದಿಂದ ಮೆಟ್ಟಿಲು ಹತ್ತುವುದಕ್ಕೆ ನನಗೆ ಮುಖವಿರುವುದಿಲ್ಲ. ದಿನವಿಡೀ ಬೇರೆಯವರ ಕಣ್ಣು ನೋಡುವ ನನಗೆ, ನನ್ನನ್ನು ಒಬ್ಬರು ನೋಡುವ ಅರ್ಧ ಗಂಟೆ ಅದೊಂದೇ. ಅದು ಹೋದರೆ ಬದುಕಲಾರೆನೆಂದಲ್ಲ. ಆದರೆ ಅದು ಹೋಗುವುದು ನನಗೆ ಬೇಡವಾಗಿತ್ತು.

ಅವತ್ತಿಡೀ ಮೊದಲಿನಿಂದ ಮಾಡಲು ಕೂತೆ. ಬರಲಿಲ್ಲ. ಶುಕ್ರವಾರ ಪೆನ್‌ಡ್ರೈವ್ ಮುಷ್ಟಿಯಲ್ಲಿ ಹಿಡಿದು ಮೇಲೆ ಹತ್ತಿದೆ.

ಕಥೆ ಕೇಳಿ ಅವರು ಕಂಪ್ಯೂಟರ್ ಆನ್ ಮಾಡಿದರು, ಸಾಫ್ಟ್‌ವೇರ್ ತೆರೆದರು, ನನ್ನ ಮುಖ ನೋಡಿದರು. ಹುಬ್ಬು ಏನು ಹೇಳಿತೋ, ಕುರ್ಚಿ ಬಿಟ್ಟು ಎದ್ದರು.

"ನೀವೇ ಕೂತ್ಕೊಳ್ಳಿ. ಮುಗೀದೇ ಇರೋ ಹಾಡನ್ನ ಬೇರೆಯೋರು ನೋಡಿದ್ರೆ ನನಗೂ ಒಂಥರಾ ಆಗತ್ತೆ. ನಾನು ಕಾಫಿ ತರ್ತೀನಿ. ಬೇಕಾದ್ರೆ ಮಾತ್ರ ಕರೀರಿ."

ಬಾಗಿಲು ಮುಚ್ಚಿಕೊಂಡಿತು. ನನಗೆ ಹೋದ ಜೀವ ಬಂದಂತಾಯಿತು. ಫೈಲ್ ತೆರೆದೆ; ಏಳೂ ಸಾಲು ನನ್ನ ಮುಂದೆ ಬಂದು ನಿಂತವು. ಕೊನೆಯ ಸಾಲಿನ ಹೆಸರು ಅಳಿಸಿ 'ಆಡಿಯೋ ಏಳು' ಎಂದು ಬರೆದೆ. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಇನ್ನು ಹಾಡನ್ನು ಪೆನ್‌ಡ್ರೈವ್‌ಗೆ ಇಳಿಸಿಕೊಂಡು, ಥ್ಯಾಂಕ್ಸ್ ಹೇಳಿ ಹೋಗಬಹುದು.

ಗಾಜಿನ ಬಾಗಿಲಿನಾಚೆ ಅವರು ಕಂಡರು. ಎರಡು ಕಪ್ ಹಿಡಿದು, ನನಗೆ ಬೆನ್ನು ಹಾಕಿ ನಿಂತಿದ್ದರು. ಕಾಫಿ ಆರುತ್ತಿತ್ತು. ಕರೆಯದೆ ಒಳಗೆ ಬರುವವರಲ್ಲ. ಅಂಥ ಮನುಷ್ಯನಿಗೆ ಸುಳ್ಳು ಹೆಸರು ತೋರಿಸಿ ಕಳಿಸುತ್ತಿದ್ದೇನಲ್ಲ ಎನಿಸಿ ನನ್ನ ಮೇಲೆ ನನಗೇ ಸಿಟ್ಟು ಬಂತು. ಮೂವತ್ತೊಂದು ವರ್ಷಕ್ಕೆ ಹಾಡು ಕಲಿಯುವ ಧೈರ್ಯವಿದೆ, ಇಷ್ಟು ಹೇಳುವ ಧೈರ್ಯವಿಲ್ಲವೇ?

ಹಳೆಯ ಹೆಸರನ್ನೇ ಮತ್ತೆ ಟೈಪ್ ಮಾಡಿದೆ. ಎರಡು ಸಲ ತಪ್ಪಾಯಿತು, ಎರಡು ಸಲ ತಿದ್ದಿದೆ.

"ಬನ್ರೀ ಒಳಗೆ," ಎಂದು ಕೂಗಿದೆ.

ಅವರು ಕಪ್ ಇಟ್ಟು ಪಕ್ಕದ ಸ್ಟೂಲಿನ ಮೇಲೆ ಕೂತರು. ಮೇಲಿನಿಂದ ಒಂದೊಂದೇ ಹೆಸರು ಓದುತ್ತಾ ಬಂದರು. ಅಕ್ಕನ ವಿಸಿಲ್ ಹತ್ತಿರ ಮುಗುಳ್ನಕ್ಕರು. ಏಳನೆಯದಕ್ಕೆ ಬಂದು ನಿಂತರು. ಉಳಿದ ಆರನ್ನೂ ಮ್ಯೂಟ್ ಮಾಡಿ, ಅದೊಂದನ್ನೇ ಹಾಕಿದರು. ಖಾಲಿ ಅಂಗಡಿಯಲ್ಲಿ ಅವರ ನಗು ಅವರಿಗೇ ಕೇಳಿಸಿತು. ನಾನು ನೆಲದ ಟೈಲ್ಸ್ ಎಣಿಸುತ್ತಿದ್ದೆ.

"ಇದನ್ಯಾಕೆ ಇಷ್ಟು ಸಣ್ಣಗೆ ಇಟ್ಟಿದ್ದೀರಿ?"

"ಜೋರು ಮಾಡಿದ್ರೆ ಎಲ್ಲರಿಗೂ ಗೊತ್ತಾಗತ್ತೆ."

"ಗೊತ್ತಾಗ್ಲಿ ಬಿಡ್ರೀ." ಏಳನೇ ಟ್ರ್ಯಾಕಿನ ಸದ್ದನ್ನು ಮೆಲ್ಲಗೆ ಮೇಲಕ್ಕೆ ತಂದರು. "ಒಂದು ಮಾತು ಹೇಳ್ತೀನಿ, ಬೈಬಾರ್ದು. ನನಗೆ ಬರ್ತಿದ್ದಿದ್ದು ಎರಡೇ ಸಾಫ್ಟ್‌ವೇರ್. ನಾಲ್ಕನೇ ದಿನದ ಹೊತ್ತಿಗೆ ನೀವು ಚೌಕದ ಮನೆ ಆರಿಸ್ತೀರಿ ಅಂತ ಗೊತ್ತಾಗಿತ್ತು. ಉಳಿದಿದ್ದನ್ನೆಲ್ಲ ದಿನಾ ಬೆಳಿಗ್ಗೆ ಕಲಿತು ಮಧ್ಯಾಹ್ನ ನಿಮಗೆ ತೋರಿಸ್ತಿದ್ದೆ."

"ಯಾಕೆ?" ಗೊತ್ತಿದ್ದೂ ಕೇಳಿದೆ. ಕಿವಿಯಾರೆ ಕೇಳಬೇಕಿತ್ತು.

"ನೀವು ಬೇಗ ಆರಿಸಿಬಿಟ್ರೆ ಮತ್ತೆ ಬರೋದಿಲ್ವಲ್ಲ ಅಂತ. ನೀವಂದ್ರೆ ನನಗೆ ತುಂಬಾ ಇಷ್ಟ ಕಣ್ರೀ."

ನಾನು ತಲೆಯೆತ್ತಿದೆ. ಅವರು ಹುಬ್ಬು ನೋಡುತ್ತಿರಲಿಲ್ಲ, ಕಣ್ಣನ್ನೇ ನೋಡುತ್ತಿದ್ದರು. ಕಾಫಿ ತಣ್ಣಗಾಗಿ ಕೆನೆ ಕಟ್ಟಿತ್ತು. ಇಬ್ಬರೂ ಅದನ್ನೇ ಕುಡಿದೆವು, ಅದಕ್ಕಿಂತ ಒಳ್ಳೆಯ ಕಾಫಿ ನಾನು ಕುಡಿದಿಲ್ಲ.

ಶನಿವಾರ ಬೆಳಿಗ್ಗೆ ಶಾಲೆಯ ಮೈದಾನದಲ್ಲಿ ಅರವತ್ತು ಮಕ್ಕಳು ಸಾಲಾಗಿ ನಿಂತರು. ನಾನು ಅಮ್ಮನನ್ನು ಕರೆದುಕೊಂಡು ಬಂದಿದ್ದೆ. ಅಮ್ಮನ ಈ ಪಕ್ಕ ನಾನು, ಆ ಪಕ್ಕ ಅವರು. "ಹಾಡಿಗೆ ಹೆಲ್ಪ್ ಮಾಡಿದ್ರು," ಎಂದಷ್ಟೇ ಪರಿಚಯಿಸಿದ್ದೆ. ಗಾಜಿನ ಮೆಷಿನ್ ಗುರ್ ಎಂದಿತು, ಡಬ್ಬಿ ಟಪ್ಪೆಂದಿತು, ಮಕ್ಕಳ ಕೈಗಳು ಒಟ್ಟಿಗೆ ಎದ್ದವು. ಅಕ್ಕ ನನ್ನ ಕಡೆ ತಿರುಗಿ ಹೆಬ್ಬೆರಳು ಎತ್ತಿದಳು. ಎರಡನೇ ನಿಮಿಷಕ್ಕೆ ಸ್ಪೀಕರಿನಿಂದ ಆ ನಗು ಬಂದದ್ದೇ ತಡ, ಮುಂದಿನ ಸಾಲಿನ ಪುಟಾಣಿಯೊಬ್ಬಳು ಕಿಸಕ್ಕೆಂದಳು. ಅವಳಿಂದ ಪಕ್ಕದವನಿಗೆ, ಅವನಿಂದ ಹಿಂದಿನವರಿಗೆ ಹಬ್ಬಿ, ಅರವತ್ತೂ ಮಕ್ಕಳು ಕೈ ಮೇಲೆತ್ತಿಕೊಂಡೇ ನಗತೊಡಗಿದರು. ಅಕ್ಕನ ವಿಸಿಲ್‌ಗೆ ಯಾರೂ ಕಿವಿಗೊಡಲಿಲ್ಲ.

ಅದನ್ನು ನೋಡಿ ಇವರಿಗೂ ತಡೆಯಲಾಗಲಿಲ್ಲ. ಉಸಿರು, ಖಾಲಿ, ಮೂರು ಮೆಟ್ಟಿಲು.

ಅಮ್ಮ ಸ್ಪೀಕರ್ ಕಡೆ ನೋಡಿದಳು. ನಿಧಾನಕ್ಕೆ ಅವರ ಕಡೆ ತಿರುಗಿದಳು. ಆಮೇಲೆ ನನ್ನ ಕಡೆ. ನಾನು ಮೈದಾನದಲ್ಲಿ ಏನೋ ಬಹಳ ಮುಖ್ಯವಾದದ್ದನ್ನು ಹುಡುಕುತ್ತಿದ್ದೆ.

"ಈ ನಗು ಎಷ್ಟೋ ದಿನದಿಂದ ನಮ್ಮನೇಲಿ ಕೇಳ್ತಿದೆ," ಎಂದಳು ಅಮ್ಮ ಅವರಿಗೆ. "ಇವಳು ಅದೊಂದನ್ನೇ ಹಾಕ್ಕೊಂಡು ಹಾಕ್ಕೊಂಡು ಕೇಳ್ತಿದ್ಳು. ಯಾರದ್ದು ಅಂತ ಕೇಳಿದ್ರೆ ಕಂಪ್ಯೂಟರ್‌ದು ಅಂದ್ಳು."

ಅವರ ಕಿವಿ ಕೆಂಪಾಯಿತು. ನನ್ನದು ಯಾವಾಗಲೋ ಆಗಿತ್ತು.

"ನಾಳೆ ಮನೆಗೆ ಬಾಪ್ಪ," ಎಂದಳು ಅಮ್ಮ. "ಕೂತು ಮಾತಾಡೋಣ."

ಅವರು ನೆಟ್ಟಗೆ ಕೂತರು, ಅಂಗಿಯ ಕಾಲರ್ ಸರಿಮಾಡಿಕೊಂಡರು. ಅಮ್ಮನ ಕುರ್ಚಿಯ ಹಿಂದಿನಿಂದ ಅವರ ಕೈ ಬಂದು ನನ್ನ ಬೆರಳು ಹುಡುಕಿತು, ಸಿಕ್ಕಿತು.

"ಎಷ್ಟು ಗಂಟೆಗೆ ಬರ್ಲಿ ಅಮ್ಮ?" ಎಂದು ಕೇಳಿದರು.